ಅವ್ವ ದೂರದಲ್ಲಿದ್ದಾಳೆ, ಮನೆಯಲ್ಲಿರುವವರು ಏನು ಮಾಡುತ್ತಿದ್ದಾರೆ?

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಹೊಸ ಬಸ್ ನಿಲ್ದಾಣವಿದೆ, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿಯಿದೆ, ಕೈಗಾರಿಕಾ ವಸಾಹತು ಇದೆ, ವಿಮಾನ ನಿಲ್ದಾಣವೂ ಇದೆ. ದುಡಿಮೆಗಾಗಿ ಊರು ಬಿಡುವವರು ಈ ರಸ್ತೆಗೆ ಹೊಸಬರಲ್ಲ. ಗೋವಾಕ್ಕೆ, ಪುಣೆಗೆ, ಬೆಂಗಳೂರಿಗೆ ಗಂಟುಮೂಟೆ ಕಟ್ಟಿಕೊಂಡು ಹೊರಟವರನ್ನು ಇಲ್ಲಿಯ ಬಸ್ಸುಗಳು ಎಷ್ಟೋ ವರ್ಷಗಳಿಂದ ಹೊತ್ತೊಯ್ಯುತ್ತಿವೆ. ಬೆಂಗಳೂರಿನಲ್ಲಿ ದುಡಿಯುವ ತಾಯಿ ಮಗನಿಗೆ ಜ್ವರ ಎಂದು ಗೊತ್ತಾದರೆ ರಾತ್ರಿ ಬಸ್ ಹತ್ತಿ ಬೆಳಗಾಗುವಷ್ಟರಲ್ಲಿ ಮನೆ ಸೇರಬಲ್ಲಳು. ಕುವೈತಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವವಳಿಗೆ, ಮಸ್ಕತ್‌ನ ಮನೆಯೊಂದರಲ್ಲಿ ಅಡುಗೆ ಮಾಡಿಕೊಂಡಿರುವವಳಿಗೆ ಆ ದಾರಿ ಇಲ್ಲ. ಗೋಕುಲ ರಸ್ತೆಯ ನಿಲ್ದಾಣದಿಂದ ಹೊರದೇಶಕ್ಕೆ ನೇರ ವಿಮಾನವಿಲ್ಲ ಎಂಬುದು ಅಲ್ಲಿ ಸಣ್ಣ ಅಡ್ಡಿ ಮಾತ್ರ. ರಜೆ, ಮಾಲೀಕರ ಒಪ್ಪಿಗೆ, ಟಿಕೆಟ್ಟಿನ ದುಡ್ಡು ಮೂರೂ ಒಟ್ಟಿಗೆ ಕೂಡಿಬರಬೇಕು. ಇಂಥ ತಾಯಂದಿರ ಮಾತು ಬಂದಾಗಲೆಲ್ಲ ನಾವು ಕೇಳುವ ಪ್ರಶ್ನೆ ಒಂದೇ: ಬೆಳೆಯುವ ಮಕ್ಕಳನ್ನು ಬಿಟ್ಟು ಹೋಗಲು ಆಕೆಗೆ ಮನಸ್ಸಾದರೂ ಹೇಗೆ ಬಂತು? ಈ ಪ್ರಶ್ನೆಯನ್ನು ಕೇಳಬಾರದವರಿಗೆ ಕೇಳುತ್ತಿದ್ದೇವೆ ಎಂಬುದು ನನ್ನ ವಾದ. ಹದಿಹರೆಯದ ಮಕ್ಕಳಿಗೂ ದೂರದ ತಾಯಿಗೂ ನಡುವಿನ ಸಲಿಗೆ ಉಳಿಯುವುದು, ಅಳಿಯುವುದು ಹೋದವಳಿಗಿಂತ ಹೆಚ್ಚಾಗಿ ಉಳಿದವರ ಕೈಯಲ್ಲಿದೆ. ತಂದೆ, ಅಜ್ಜಿ, ಶಾಲೆ, ಸರ್ಕಾರ ಇವರೆಲ್ಲ ಏನು ಮಾಡುತ್ತಾರೆ, ಏನು ಮಾಡದೆ ಬಿಡುತ್ತಾರೆ ಎಂಬುದರ ಮೇಲೆ ಅದು ನಿಂತಿದೆ.

ಇದು ಕೇರಳದ ಕಥೆ, ಹೆಚ್ಚೆಂದರೆ ಮಂಗಳೂರು-ಉಡುಪಿಯ ಕಥೆ, ಹುಬ್ಬಳ್ಳಿ-ಧಾರವಾಡಕ್ಕೇನು ಸಂಬಂಧ ಎನ್ನುವವರಿದ್ದಾರೆ. ಕರಾವಳಿಯಿಂದ ಹೋದವರು ಹೆಚ್ಚು ಎಂಬುದು ನಿಜ. 2023ರ ಅಕ್ಟೋಬರ್‌ನಲ್ಲಿ ಇಸ್ರೇಲ್‌ನಲ್ಲಿ ಯುದ್ಧ ಶುರುವಾದಾಗ, ಅಲ್ಲಿ ವೃದ್ಧರ ಆರೈಕೆಗೆ ಹೋಗಿದ್ದ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳವರ ಮನೆಗಳಲ್ಲಿ ದಿಗಿಲು ಹುಟ್ಟಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಸಿಕ್ಕಿಬಿದ್ದ ಹಕ್ಕಿಪಿಕ್ಕಿ ಜನರ ಸುದ್ದಿ ಓದಿದಾಗಲೇ ಒಳನಾಡಿನ ಬಡ ಕುಟುಂಬಗಳೂ ಅಷ್ಟು ದೂರ ಹೋಗುತ್ತವೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದದ್ದು. ನರ್ಸಿಂಗ್ ಕಾಲೇಜುಗಳು ಇರುವ ಯಾವ ಊರೂ ಈಗ ಈ ವಲಸೆಯ ಹೊರಗಿಲ್ಲ, ಅವಳಿನಗರವಂತೂ ಅಲ್ಲ. ಎಷ್ಟು ತಾಯಂದಿರು ಹೋಗಿದ್ದಾರೆ ಎಂದು ಹೇಳಲು ನಮ್ಮಲ್ಲಿ ಲೆಕ್ಕವಿಲ್ಲ, ಅದೇ ಮೊದಲ ಕೊರತೆ. ಕೇರಳದಲ್ಲಿ 1998ರಿಂದ ಸುಮಾರು ಐದು ವರ್ಷಕ್ಕೊಮ್ಮೆ ವಲಸೆ ಸಮೀಕ್ಷೆ ನಡೆಯುತ್ತ ಬಂದಿದೆ. 2018ರಲ್ಲಿ ಅಲ್ಲಿಯ ವಲಸಿಗರಲ್ಲಿ ಹೆಣ್ಣುಮಕ್ಕಳ ಪಾಲು ಶೇ 15.8 ಇದ್ದದ್ದು 2023ಕ್ಕೆ ಶೇ 19.1 ಆಯಿತು ಎಂದು ಆ ರಾಜ್ಯಕ್ಕೆ ಗೊತ್ತು. ನಮ್ಮಲ್ಲಿ ಹಾಗೆ ನಿಯಮಿತವಾಗಿ ಎಣಿಸುವ ವ್ಯವಸ್ಥೆ ಇಲ್ಲ. ಎಣಿಸದೆ ಇರುವುದರಿಂದಲೇ ಇಲ್ಲವೆಂದು ತೋರುವ ಸಂಗತಿ ಇದು.

ತಾಯಂದಿರು ಹೊರಡುವ ವಯಸ್ಸನ್ನೂ ಇಲ್ಲಿ ಗಮನಿಸಬೇಕು. ಹತ್ತನೇ ತರಗತಿ ಮುಗಿಸದ ಹೆಣ್ಣುಮಗಳು ಕೊಲ್ಲಿ ದೇಶಗಳೂ ಸೇರಿದಂತೆ 18 ದೇಶಗಳಿಗೆ ಮನೆಗೆಲಸಕ್ಕೆ ಹೋಗಬೇಕಾದರೆ ಭಾರತ ಸರ್ಕಾರದ ವಲಸೆ ಅನುಮತಿ ಬೇಕು. ಮೂವತ್ತು ತುಂಬದೆ ಅದು ಸಿಗುವುದಿಲ್ಲ. ಎಳೆಯ ಹೆಣ್ಣುಮಕ್ಕಳ ಶೋಷಣೆ ತಡೆಯಲು ಮಾಡಿದ ನಿಯಮ ಅದು, ಉದ್ದೇಶವನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಇಪ್ಪತ್ತರ ಆಸುಪಾಸಿನಲ್ಲಿ ತಾಯಿಯಾದವಳಿಗೆ ಮೂವತ್ತು ದಾಟುವ ಹೊತ್ತಿಗೆ ಹಿರಿಯ ಮಗುವಿಗೆ ಹತ್ತು ತುಂಬಿರುತ್ತದೆ. ಎರಡೆರಡು ವರ್ಷದ ಕರಾರು ಎರಡು ಮೂರು ಸಲ ಮುಂದುವರಿದರೆ ಆ ಮಗುವಿನ ಹನ್ನೊಂದರಿಂದ ಹದಿನೇಳರವರೆಗಿನ ವರ್ಷಗಳು ತಾಯಿಯಿಲ್ಲದೆ ಕಳೆದಿರುತ್ತವೆ. ಇಸ್ರೇಲ್‌ನ ಆರೈಕೆ ಕೆಲಸದ ಪರವಾನಗಿ ಸಾಮಾನ್ಯವಾಗಿ ಐದು ವರ್ಷ ಮೂರು ತಿಂಗಳದು, ಗಂಡ ಮಕ್ಕಳನ್ನು ಕರೆದೊಯ್ಯಲು ಅಲ್ಲಿ ಅವಕಾಶವಿಲ್ಲ. ಆರನೇ ತರಗತಿಯ ಹುಡುಗಿಯನ್ನು ಬಿಟ್ಟು ಹೋದವಳು ಹಿಂದಿರುಗುವಾಗ ಆಕೆ ಪಿಯುಸಿಯಲ್ಲಿರುತ್ತಾಳೆ. ನಡುವೆ ಆಕೆಯ ಮೈ ಬದಲಾಗಿದೆ, ಗೆಳತಿಯರು ಬದಲಾಗಿದ್ದಾರೆ, ಎಸ್‌ಎಸ್‌ಎಲ್‌ಸಿ ಮುಗಿದಿದೆ, ವಿಜ್ಞಾನವೋ ವಾಣಿಜ್ಯವೋ ಎಂಬ ತೀರ್ಮಾನವೂ ಆಗಿಹೋಗಿದೆ. ಅಂದರೆ ಅಗಲಿಕೆಯೂ ಹದಿಹರೆಯವೂ ಒಂದೇ ಕಾಲಕ್ಕೆ ಬೀಳುವಂತೆ ನಮ್ಮ ನಿಯಮಗಳೂ ಅವರ ಕರಾರುಗಳೂ ಸೇರಿ ಮಾಡಿವೆ.

ಈ ಅಗಲಿಕೆಯಿಂದ ಮಕ್ಕಳಿಗೆ ನೋವಿಲ್ಲ ಎಂದು ನಾನು ಹೇಳುತ್ತಿಲ್ಲ. 2018ರ ಕೊನೆಯಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪರಿಶೀಲನೆಯೊಂದು 111 ಅಧ್ಯಯನಗಳನ್ನು, ಎರಡೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ತಂದೆತಾಯಿ ವಲಸೆ ಹೋದ ಮಕ್ಕಳಲ್ಲಿ ಖಿನ್ನತೆಯ ಸಾಧ್ಯತೆ ಉಳಿದ ಮಕ್ಕಳಿಗಿಂತ ಶೇ 52ರಷ್ಟು ಹೆಚ್ಚು ಎಂದು ಅದು ಕಂಡುಕೊಂಡಿತು. ಆತಂಕ, ಸಾಯಬೇಕೆಂಬ ಯೋಚನೆ, ಮಾದಕ ವಸ್ತುಗಳ ಬಳಕೆ ಕೂಡ ಹೆಚ್ಚೇ. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ಆ 111ರಲ್ಲಿ 91 ಅಧ್ಯಯನಗಳು ಚೀನಾದ ಒಳಗಿನ ವಲಸೆ ಕುರಿತವು. ಊರಿನಿಂದ ಮಹಾನಗರಕ್ಕೆ, ಬಹಳ ಸಲ ತಂದೆತಾಯಿ ಇಬ್ಬರೂ ಹೋದ ಮನೆಗಳ ಕಥೆ. ಆಗ್ನೇಯ ಏಷ್ಯಾದ ನಾಲ್ಕು ದೇಶಗಳಲ್ಲಿ ನಡೆದ ಇನ್ನೊಂದು ದೊಡ್ಡ ಅಧ್ಯಯನದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಇಂಡೊನೇಷ್ಯಾ, ಥಾಯ್ಲೆಂಡ್‌ಗಳಲ್ಲಿ ತಂದೆ ವಲಸೆ ಹೋದ ಮಕ್ಕಳ ಮನಸ್ಸಿನ ಸ್ಥಿತಿ ಕೆಟ್ಟಿತ್ತು, ಫಿಲಿಪೈನ್ಸ್ ಮತ್ತು ವಿಯೆಟ್ನಾಂಗಳಲ್ಲಿ ಹಾಗಿರಲಿಲ್ಲ. ಹೋದದ್ದು ಯಾರು ಎಂಬ ಒಂದೇ ಅಂಶ ಮಕ್ಕಳ ಸ್ಥಿತಿಯನ್ನು ನಿರ್ಧರಿಸುವುದಾದರೆ ನಾಲ್ಕೂ ದೇಶಗಳಲ್ಲಿ ಒಂದೇ ಉತ್ತರ ಬರಬೇಕಿತ್ತು. ಬರಲಿಲ್ಲವೆಂದರೆ, ಮಗುವಿನ ಸುತ್ತ ಉಳಿದ ಮನೆ, ನೆಂಟರು, ಆ ಸಮಾಜದ ರೂಢಿ ಇವುಗಳತ್ತ ನೋಡಲೇಬೇಕು.

ಹಾಗೆ ನೋಡಿದವರಲ್ಲಿ ಸಮಾಜಶಾಸ್ತ್ರಜ್ಞೆ ರಾಸೆಲ್ ಸಲಾಜರ್ ಪರೇನಿಯಸ್ ಮುಖ್ಯರು. ತಾಯಂದಿರ ವಲಸೆ ಅತಿ ಹೆಚ್ಚಿರುವ ದೇಶಗಳಲ್ಲೊಂದಾದ ಫಿಲಿಪೈನ್ಸ್‌ನಲ್ಲಿ, ಹಾಗೆ ಬೆಳೆದ ಯುವಕ ಯುವತಿಯರನ್ನು ಮಾತನಾಡಿಸಿ ಅವರು 2005ರಲ್ಲಿ ಪುಸ್ತಕ ಬರೆದರು. ತಾಯಿ ಹೋದ ಮನೆಗಳಲ್ಲಿ ತಂದೆ ಆಕೆಯ ಜಾಗ ತುಂಬಲಿಲ್ಲ; ಮಕ್ಕಳ ಆರೈಕೆ ಅಜ್ಜಿಯ, ಚಿಕ್ಕಮ್ಮನ, ಹಿರಿ ಮಗಳ ಹೆಗಲಿಗೆ ಬಿತ್ತು. ತಾಯಿ ಅಷ್ಟು ದೂರದಿಂದಲೂ ಮಕ್ಕಳ ಊಟ, ಓದು, ಕಾಯಿಲೆ ನೋಡಿಕೊಳ್ಳುತ್ತಲೇ ಇದ್ದಳು, ಆದರೂ ಆಕೆ ತಮ್ಮನ್ನು ಕೈಬಿಟ್ಟಳು ಎಂದು ಮಕ್ಕಳಿಗೆ ಎನಿಸಿತು. ಕಾರಣ, ತಾಯಿ ಎಂದರೆ ಮನೆಯಲ್ಲೇ ಇರಬೇಕಾದವಳು ಎಂದು ಸುತ್ತಲಿನವರೆಲ್ಲ ಅವರಿಗೆ ಹೇಳಿಕೊಡುತ್ತಿದ್ದರು. ಈ ಮಾತು ನಮ್ಮ ಭಾಗಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಉತ್ತರ ಕರ್ನಾಟಕದಲ್ಲಿ ಗುಳೆ ಹೋಗುವುದು ತಲೆಮಾರುಗಳಿಂದ ನಡೆದಿದೆ. ಭಟ್ಕಳದ ಗಂಡಸರು ದುಬೈಗೆ ಹೋಗಿ ಎಷ್ಟೋ ದಶಕಗಳಾದವು. ದುಡಿಯಲು ಹೋದ ತಂದೆಯ ಮಗನಿಗೆ ಊರು ‘ನಿಮ್ಮಪ್ಪ ನಿಮಗಾಗಿ ಎಷ್ಟು ಕಷ್ಟಪಡತಾನ ನೋಡು’ ಎನ್ನುತ್ತದೆ. ತಾಯಿ ಹೋದಾಗ ಅದೇ ಊರು ಮಗಳ ತಲೆ ಸವರಿ ‘ಪಾಪ, ಬಿಟ್ಟು ಹೋದ್ಲಲ್ಲ’ ಎನ್ನುತ್ತದೆ. ಇಬ್ಬರೂ ಕಳಿಸುವುದು ಒಂದೇ ದುಡ್ಡು, ಇಬ್ಬರೂ ಪಡುವುದು ಒಂದೇ ಪಾಡು. ಒಬ್ಬನ ದೂರ ಮಗುವಿಗೆ ಹೆಮ್ಮೆಯಾಗುತ್ತದೆ, ಇನ್ನೊಬ್ಬಳ ದೂರ ಗಾಯವಾಗುತ್ತದೆ. ಹದಿಮೂರರ ಹುಡುಗಿ ಈ ‘ಪಾಪ’ವನ್ನು ಮದುವೆ ಮನೆಯಲ್ಲಿ, ಶಾಲೆಯಲ್ಲಿ, ಅಂಗಡಿ ಮುಂದೆ ಕೇಳಿ ಕೇಳಿ, ತಾಯಿ ತನ್ನನ್ನು ನಿಜಕ್ಕೂ ಬಿಟ್ಟುಹೋದಳೆಂದು ನಂಬತೊಡಗುತ್ತಾಳೆ. ಆ ನಂಬಿಕೆಯನ್ನು ಆಕೆಯೊಳಗೆ ಹುಟ್ಟಿಸಿದ್ದು ತಾಯಿಯಲ್ಲ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ಇನ್ನೊಂದು ರೂಢಿ ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಏಕೆಂದರೆ ಅದು ಪ್ರೀತಿಯಿಂದಲೇ ಹುಟ್ಟಿದ್ದು. ‘ಆಕಿಗೆ ಯಾಕ ಹೇಳಬೇಕು, ದೂರ ಅದಾಳ, ಸುಮ್ಮನ ಚಿಂತಿ ಮಾಡತಾಳ’ ಎಂಬ ರೂಢಿ. ಮಗ ಗಣಿತದಲ್ಲಿ ಫೇಲಾದದ್ದನ್ನು ತಾಯಿಗೆ ಹೇಳುವುದಿಲ್ಲ. ಮಗಳಿಗೆ ಹುಷಾರಿಲ್ಲದೆ ಮೂರು ದಿನ ಶಾಲೆ ತಪ್ಪಿದ್ದನ್ನು ಹೇಳುವುದಿಲ್ಲ. ಅಜ್ಜಿ ಬಿದ್ದು ಕಾಲು ಉಳುಕಿಸಿಕೊಂಡದ್ದು ವಾಸಿಯಾದ ಮೇಲೆ ತಿಳಿಯುತ್ತದೆ. ಅತ್ತ ತಾಯಿಯೂ ಮುಚ್ಚಿಡುತ್ತಾಳೆ. ಮನೆಯೊಡತಿ ಬೈದದ್ದು, ಸಂಬಳ ತಡವಾದದ್ದು, ರಾತ್ರಿ ಪಾಳಿ ಮುಗಿಸಿ ನಿದ್ದೆ ಬಾರದೆ ಅತ್ತದ್ದು ಯಾವುದೂ ಮಕ್ಕಳ ಕಿವಿಗೆ ಬೀಳುವುದಿಲ್ಲ. ಫೋನಿನಲ್ಲಿ ಕಾಣುವುದು ನಗುಮುಖ. ಹೀಗೆ ಎರಡೂ ಕಡೆಯವರು ಒಬ್ಬರನ್ನೊಬ್ಬರು ಕಾಪಾಡಲು ಹೋಗಿ, ಮಾತಿಗೆ ಉಳಿಯುವುದು ‘ಊಟ ಆತೇನು? ಅಭ್ಯಾಸ ಮಾಡಿದೇನು? ಅಪ್ಪಗ ಕೊಡು’ ಇಷ್ಟೇ. ಸಲಿಗೆ ಎಂಬುದು ಸಿಹಿ ಸುದ್ದಿಯಿಂದ ಬೆಳೆಯುವುದಲ್ಲ. ಸೋತದ್ದನ್ನು, ನಾಚಿಕೆಯಾದದ್ದನ್ನು, ಸಿಟ್ಟು ಬಂದದ್ದನ್ನು ಒಬ್ಬರ ಮುಂದೆ ಹೇಳಿಕೊಂಡಾಗ, ಅವರು ಅದನ್ನು ಕೇಳಿಯೂ ನಮ್ಮವರಾಗಿಯೇ ಉಳಿದಾಗ ಅದು ಬೆಳೆಯುತ್ತದೆ. ತಾಯಿಗೆ ಕೆಟ್ಟ ಸುದ್ದಿ ತಲುಪದಂತೆ ನೋಡಿಕೊಳ್ಳುವ ಮನೆ ಆಕೆಯನ್ನು ಮೆಲ್ಲಗೆ ತಾಯಿಯ ಜಾಗದಿಂದ ಎಬ್ಬಿಸಿ ಅತಿಥಿಯ ಜಾಗದಲ್ಲಿ ಕೂರಿಸುತ್ತಿರುತ್ತದೆ. ಪಿಯುಸಿಯಲ್ಲಿ ಯಾವ ವಿಷಯ, ಯಾವ ಕಾಲೇಜು, ಟ್ಯೂಷನ್ ಬೇಕೇ ಬೇಡವೇ ಎಂಬ ಚರ್ಚೆ ಎಲ್ಲರ ನಡುವೆ ಮುಗಿದು, ಫೀ ಕಟ್ಟುವ ಹೊತ್ತಿಗೆ ಮಾತ್ರ ತಾಯಿಗೆ ಕರೆ ಹೋದರೆ, ಅವ್ವ ಎಂದರೆ ದುಡ್ಡು ಎಂಬ ಪಾಠವನ್ನು ಮಗುವಿಗೆ ಹೇಳಿಕೊಟ್ಟದ್ದು ನಾವೇ. ಆಮೇಲೆ ‘ಬರೀ ದುಡ್ಡು ಕಳಿಸಿದರ ಆತೇನು’ ಎಂದು ಆಕೆಯನ್ನೇ ದೂರುವುದು ಅನ್ಯಾಯ.

ಈಗ ವಿಡಿಯೊ ಕಾಲ್ ಇದೆಯಲ್ಲ, ದಿನಾ ಮುಖ ನೋಡಬಹುದಲ್ಲ, ಇಷ್ಟೆಲ್ಲ ಚಿಂತೆ ಯಾಕೆ ಎಂದು ಕೇಳುವವರಿಗೆ ಒಂದಿಷ್ಟು ವಿವರವಾಗಿಯೇ ಉತ್ತರಿಸಬೇಕು. ಇಂಗ್ಲೆಂಡಿನಲ್ಲಿ ದುಡಿಯುವ ಫಿಲಿಪೈನ್ಸ್ ತಾಯಂದಿರನ್ನೂ ಊರಲ್ಲಿದ್ದ ಅವರ ಮಕ್ಕಳನ್ನೂ ಮಿರ್ಕಾ ಮಡಿಯಾನು ಮತ್ತು ಡೇನಿಯಲ್ ಮಿಲ್ಲರ್ ಬೇರೆ ಬೇರೆಯಾಗಿ ಮಾತನಾಡಿಸಿದ್ದರು. ಅವರ ಪುಸ್ತಕ 2012ರಲ್ಲಿ ಬಂತು. ಫೋನು, ಇಂಟರ್ನೆಟ್ ಬಂದ ಮೇಲೆ ತಾವು ಮತ್ತೆ ತಾಯಿಯಾದೆವು ಎಂಬ ಭಾವ ತಾಯಂದಿರದು. ಮಕ್ಕಳೆಲ್ಲರೂ ಅದನ್ನು ಅಷ್ಟೇ ಮನಸ್ಸಿನಿಂದ ಒಪ್ಪಲಿಲ್ಲ. ಮೊದಲೇ ಹೊಂದಾಣಿಕೆ ಇದ್ದಲ್ಲಿ ಕರೆಗಳು ಅದನ್ನು ಬೆಳೆಸಿದವು, ಇಲ್ಲದಲ್ಲಿ ಕಿರಿಕಿರಿಯಾದವು, ಕೆಲವೊಮ್ಮೆ ಕಾವಲಾದವು. ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನಷ್ಟು ತೊಡಕುಗಳಿವೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ವಾಟ್ಸ್‌ಆ್ಯಪ್ ಕರೆಗೆ ಅವಕಾಶವಿಲ್ಲ, ಬೋಟಿಮ್‌ನಂಥ ಆ್ಯಪ್ ಬಳಸಬೇಕು. ಕುವೈತ್ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ಮನೆಗೆಲಸ ಮುಗಿದು ರಾತ್ರಿ ಹತ್ತಾಗುವಾಗ ಇಲ್ಲಿ ಹನ್ನೆರಡೂವರೆ, ಬೆಳಿಗ್ಗೆ ಶಾಲೆಗೆ ಹೋಗಬೇಕಾದ ಮಗು ಮಲಗಿರುತ್ತದೆ. ಇದಕ್ಕಿಂತ ದೊಡ್ಡ ತೊಡಕು, ಮಗು ಒಬ್ಬಂಟಿಯಾಗಿರುವಾಗ ಫೋನು ಅದರ ಕೈಗೆ ಸಿಗುವುದಿಲ್ಲ. ಅಪ್ಪ ಪಕ್ಕದಲ್ಲಿದ್ದಾನೆ, ಅಜ್ಜಿ ಹಿಂದಿನಿಂದ ಇಣುಕುತ್ತಾಳೆ, ತಮ್ಮ ಕಸಿದುಕೊಳ್ಳುತ್ತಾನೆ, ಸ್ಪೀಕರ್ ಹಾಕಿರುತ್ತಾರೆ. ಮುಟ್ಟಿನ ಹೊಟ್ಟೆನೋವಿನ ಬಗ್ಗೆ, ದಾರಿಯಲ್ಲಿ ಹಿಂಬಾಲಿಸಿದ ಹುಡುಗನ ಬಗ್ಗೆ, ತಂದೆಯ ಕುಡಿತದ ಬಗ್ಗೆ ಆ ಹುಡುಗಿ ಇಷ್ಟು ಜನರ ನಡುವೆ ಏನು ಹೇಳಿಯಾಳು? ಒಂದೇ ಸೂರಿನಡಿಯ ತಾಯಿಯೊಂದಿಗೂ ಹದಿಹರೆಯದವರು ಎದುರು ಕೂತು ಇಂಥದನ್ನು ಹೇಳುವುದಿಲ್ಲ. ರೊಟ್ಟಿ ಬಡಿಯುವಾಗ, ಬಟ್ಟೆ ಮಡಚುವಾಗ, ತಲೆ ಬಾಚುವಾಗ ಮಾತು ತಾನಾಗಿ ಹೊರಬರುತ್ತದೆ. ಹತ್ತು ನಿಮಿಷದ ಕರೆಗೆ ಆ ಬಿಡುವು ಇಲ್ಲ. ಆದ್ದರಿಂದ ವಾರಕ್ಕೊಮ್ಮೆಯಾದರೂ ಮಗುವಿಗೆ ಬಾಗಿಲು ಹಾಕಿಕೊಂಡು ತಾಯಿಯೊಡನೆ ಮಾತನಾಡಲು ಬಿಡಬೇಕು, ಏನು ಮಾತಾಡಿದೆ ಎಂದು ಆಮೇಲೆ ಯಾರೂ ಕೇಳಬಾರದು. ಸುಮ್ಮನೆ ಫೋನು ಒರಗಿಸಿಟ್ಟು ಇತ್ತ ಮಗ ಲೆಕ್ಕ ಮಾಡುತ್ತಿದ್ದರೆ ಅತ್ತ ತಾಯಿ ತರಕಾರಿ ಹೆಚ್ಚುತ್ತಿರುವ ಕರೆಯೂ ಕರೆಯೇ. ಅರ್ಧರಾತ್ರಿ ಕಳಿಸಿದ ಧ್ವನಿ ಸಂದೇಶವನ್ನು ಬೆಳಿಗ್ಗೆ ಶಾಲೆಗೆ ಹೋಗುವ ಮುನ್ನ ಕೇಳಬಹುದು. ಇದಕ್ಕೆಲ್ಲ ದುಡ್ಡು ಬೇಕಿಲ್ಲ, ಮನೆಯ ಹಿರಿಯರು ಸ್ವಲ್ಪ ಹಿಂದೆ ಸರಿಯಬೇಕು ಅಷ್ಟೇ.

ಅಜ್ಜಿಯಂದಿರು ಮೊಮ್ಮಕ್ಕಳನ್ನು ಬೆಳೆಸಿದ್ದು ನಮ್ಮಲ್ಲಿ ಹೊಸತೇ ಎಂಬ ಆಕ್ಷೇಪದಲ್ಲಿ ಸತ್ಯವಿದೆ. ಕೂಡು ಕುಟುಂಬದಲ್ಲಿ ಮಗು ಹತ್ತು ಕೈಗಳಲ್ಲಿ ಬೆಳೆಯುತ್ತಿತ್ತು, ಆ ಕೈಗಳ ಬೆಲೆ ದೊಡ್ಡದು. ಆದರೆ ಗೋಕುಲ ರಸ್ತೆಯ ಸುತ್ತಲಿನ ಬಡಾವಣೆಗಳ ಎರಡು ಕೋಣೆಯ ಮನೆಗಳಲ್ಲಿ ಆ ಹತ್ತು ಕೈಗಳಿಲ್ಲ. ಮಂಡಿನೋವಿನ ಒಬ್ಬ ಅಜ್ಜಿ ಇರುತ್ತಾಳೆ, ಅಷ್ಟೇ. ಪ್ರಾಯಕ್ಕೆ ಬಂದ ಹುಡುಗನ ಹಿಂದೆ ಓಡಾಡಲು ಆಕೆಗೆ ಶಕ್ತಿಯಿಲ್ಲ, ಅವನ ಫೋನಿನೊಳಗಿನ ಲೋಕ ಅರ್ಥವಾಗುವುದಿಲ್ಲ. ಆಕೆಯೂ ಇಲ್ಲದ ಮನೆಯಲ್ಲಿ ಹಿರಿ ಮಗಳು ಹದಿನಾಲ್ಕಕ್ಕೇ ಗೃಹಿಣಿಯಾಗುತ್ತಾಳೆ. ತಾಯಿಯ ಮೇಲೆ ಆ ಹುಡುಗಿಗೆ ಸಿಟ್ಟು ಹುಟ್ಟಿದರೆ ಆಶ್ಚರ್ಯವೇನು? ಬೆಳಗಿನ ನಾಷ್ಟಾ, ತಮ್ಮನ ಡಬ್ಬಿ, ಸಂಜೆಯ ಪಾತ್ರೆ ತಂದೆಯ ಪಾಲಿಗೆ ಬಂದರೆ ಆ ಸಿಟ್ಟು ಅರ್ಧ ಇಳಿಯುತ್ತದೆ. ತಂದೆ ಅನ್ನಕ್ಕಿಟ್ಟು ಮಕ್ಕಳಿಗೆ ಬಡಿಸುವ ಮನೆಯಲ್ಲಿ ತಾಯಿಯ ಕೊರತೆ ದುಃಖವಾಗಿ ಮಾತ್ರ ಉಳಿಯುತ್ತದೆ, ದೂರಾಗಿ ಬೆಳೆಯುವುದಿಲ್ಲ. ಇದೇ ನನ್ನ ವಾದದ ತಿರುಳು. ಅಪ್ಪ ಹೀಗೆ ಮಾಡುವ ಮನೆಗಳು ನಮ್ಮಲ್ಲಿಲ್ಲವೆಂದಲ್ಲ, ಇವೆ. ಅಂಥವರನ್ನು ಹೀಯಾಳಿಸುವುದನ್ನು ಓಣಿಯವರು ಮೊದಲು ಬಿಡಬೇಕು.

ಇಷ್ಟಾದರೂ ಕೊನೆಯ ಆಕ್ಷೇಪ ಉಳಿಯುತ್ತದೆ: ಹೋಗದೇ ಇದ್ದರೆ ಇದಾವುದೂ ಬೇಕಿರಲಿಲ್ಲವಲ್ಲ, ಅಥವಾ ಮಕ್ಕಳನ್ನೂ ಕರೆದುಕೊಂಡೇ ಹೋಗಬಹುದಿತ್ತಲ್ಲ. ಸಾಲ ತೀರಿಸಲು, ಮನೆ ಕಟ್ಟಲು, ಇದೇ ಮಗಳನ್ನು ಓದಿಸಲು ಹೋದವಳಿಗೆ ಊರಿನಲ್ಲಿ ಅಷ್ಟೇ ಸಂಬಳದ ಕೆಲಸ ತೋರಿಸಿ ಆಮೇಲೆ ಈ ಮಾತು ಹೇಳಬೇಕು. ಕರೆದೊಯ್ಯುವುದು ಆಕೆಯ ಕೈಯಲ್ಲಿಲ್ಲ. ಕೊಲ್ಲಿಯಲ್ಲಿ ಮನೆಗೆಲಸದ ವೀಸಾದವರು ಕುಟುಂಬವನ್ನು ಕರೆಸಿಕೊಳ್ಳುವಂತಿಲ್ಲ, ಉಳಿದವರಿಗೆ ಸಂಬಳದ ಮಿತಿ ಅಡ್ಡ ಬರುತ್ತದೆ. ಬ್ರಿಟನ್ 2024ರ ಮಾರ್ಚ್ 11ರಿಂದ, ಆರೈಕೆ ಕೆಲಸಕ್ಕೆ ಹೊಸದಾಗಿ ಬರುವವರು ಗಂಡ ಹೆಂಡತಿ ಮಕ್ಕಳನ್ನು ಕರೆತರುವುದನ್ನು ನಿಲ್ಲಿಸಿತು. 2025ರ ಜುಲೈಯಲ್ಲಿ ಹೊರದೇಶದಿಂದ ಅವರ ನೇಮಕವನ್ನೇ ನಿಲ್ಲಿಸಿತು. ತಮ್ಮ ವೃದ್ಧರನ್ನು ನೋಡಿಕೊಳ್ಳಲು ಒಬ್ಬ ತಾಯಿ ಬೇಕು, ಆಕೆಯ ಮಕ್ಕಳು ಮಾತ್ರ ಬೇಡ ಎಂದು ಹೇಳಿದ್ದು ಶ್ರೀಮಂತ ದೇಶದ ಸರ್ಕಾರ. ಅಗಲಿಕೆಯ ಹೊಣೆ ಅಲ್ಲೂ ಇದೆ.

ನಮ್ಮ ಸರ್ಕಾರದ ಪಾಲೂ ಕಡಿಮೆಯಲ್ಲ. ಹೊರದೇಶದಲ್ಲಿರುವ ತನ್ನವರಿಗಾಗಿ ಕೇರಳ 1996ರಲ್ಲೇ ನೋರ್ಕಾ ಎಂಬ ಪ್ರತ್ಯೇಕ ಇಲಾಖೆ ಮಾಡಿತು. ಕರ್ನಾಟಕದಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ, ಆದರೆ ಊರಲ್ಲಿ ಉಳಿದ ಮಕ್ಕಳು ಅದರ ಕಣ್ಣಿಗೆ ಬೀಳಬೇಕಾದಷ್ಟು ಬಿದ್ದಿಲ್ಲ. 2015ರಿಂದ ಆ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೂ ವಲಸೆ ಅನುಮತಿ ಕಡ್ಡಾಯ. ಅಂದರೆ ಯಾರು ಹೋಗುತ್ತಿದ್ದಾರೆ ಎಂಬ ಕಾಗದ ಸರ್ಕಾರದ ಬಳಿಯೇ ಇದೆ. ಹೊರಡುವವರಿಗೆ ವಿದೇಶಾಂಗ ಸಚಿವಾಲಯ ಕೊಡಿಸುವ ತರಬೇತಿಗೆ ಗಂಡನನ್ನೂ ಹತ್ತು ದಾಟಿದ ಮಕ್ಕಳನ್ನೂ ಕರೆಯಲಿ. ಆ ದೇಶದ ಕಾನೂನಿನ ಜೊತೆ ಮನೆಯ ಹೊಸ ಏರ್ಪಾಡನ್ನೂ ಅಲ್ಲಿ ಮಾತನಾಡಲಿ. ಕುವೈತಿನ 2015ರ ಮನೆಗೆಲಸದವರ ಕಾನೂನು ವಾರದ ರಜೆ, ವರ್ಷಕ್ಕೆ 30 ದಿನದ ಸಂಬಳದ ರಜೆ ಎನ್ನುತ್ತದೆ. ಕಾಗದದ ಮೇಲಿನ ಆ ರಜೆ ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆಯ ಹೊತ್ತಿಗೆ ಆಕೆಗೆ ಸಿಗುವಂತೆ, ಫೋನು ಆಕೆಯ ಕೈಯಲ್ಲೇ ಇರುವಂತೆ ಕರಾರಿನಲ್ಲಿ ಬರೆಸಲು ನಮ್ಮ ರಾಯಭಾರ ಕಚೇರಿಗಳು ಒತ್ತಾಯಿಸಬೇಕು. ಶಾಲೆಗಳು ಪೋಷಕರ ಸಭೆಗೆ ದೂರದ ತಾಯಿಯನ್ನೂ ವಿಡಿಯೊ ಮೂಲಕ ಕೂರಿಸಿಕೊಳ್ಳಲಿ, ಅಂಕಪಟ್ಟಿಯನ್ನು ಆಕೆಗೂ ಕಳಿಸಲಿ. ಮಗು ಮಂಕಾಗಿದೆ ಎಂದು ಮೊದಲು ಕಾಣುವುದು ತರಗತಿಯ ಶಿಕ್ಷಕರಿಗೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್ ಇದೆ, 2022ರಿಂದ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಇದೆ, ಕನ್ನಡದಲ್ಲೇ ಮಾತನಾಡಬಹುದು. ಅವಳಿನಗರದ ಪ್ರತಿ ಪ್ರೌಢಶಾಲೆಯ ಗೋಡೆಯ ಮೇಲೆ ಆ ಸಂಖ್ಯೆ ದೊಡ್ಡದಾಗಿ ಬರೆದಿರಬೇಕು.

ತಾಯಿ ಹಿಂದಿರುಗಿದ ಮೇಲಿನ ದಿನಗಳ ಬಗ್ಗೆ ಮಾತ್ರ ಯಾರೂ ಯೋಚಿಸಿಲ್ಲ. ಹನ್ನೆರಡರ ಹುಡುಗನನ್ನು ಬಿಟ್ಟು ಹೋದವಳ ಎದುರು ಮೀಸೆ ಚಿಗುರಿದ ಹದಿನೇಳರವನು ನಿಂತಿರುತ್ತಾನೆ. ಅವನಿಗೆ ಏನು ಇಷ್ಟ ಎಂದು ಆಕೆಗೆ ಸರಿಯಾಗಿ ತಿಳಿಯದು, ಅಡುಗೆಮನೆಯ ಡಬ್ಬಿಗಳೂ ಬೇರೆ ಜಾಗದಲ್ಲಿರುತ್ತವೆ. ಬಂದ ಮರುದಿನದಿಂದಲೇ ತಂದೆ ‘ಇನ್ನ ನೀ ಬಂದಿ, ನೀನ ನೋಡಕೋ’ ಎಂದು ಎಲ್ಲ ಕೆಲಸ ಆಕೆಗೆ ಒಪ್ಪಿಸಿಬಿಟ್ಟರೆ, ಮಗನೊಂದಿಗೆ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾದ ತಿಂಗಳುಗಳನ್ನು ಆಕೆ ಒಲೆಯ ಮುಂದೆ ಕಳೆಯುತ್ತಾಳೆ. ಆಕೆ ದೂರವಿದ್ದಾಗ ತಂದೆ ಕಲಿತ ಕೆಲಸಗಳನ್ನು ಆಮೇಲೂ ಮಾಡುತ್ತಿರಲಿ. ತಾಯಿಗೂ ಮಗನಿಗೂ ಸಂಜೆ ಒಂದು ಗಂಟೆ ಬಿಡುವು ಸಿಗಲಿ, ಮೊದಮೊದಲು ಆ ಗಂಟೆಯಲ್ಲಿ ಅವನು ಒಂದು ಮಾತೂ ಆಡದಿದ್ದರೂ ಸರಿ.